ಅಸ್ಥಿಮಜ್ಜೆಯ ಮೇದಸ್ಸು ಮತ್ತು ಮೂಳೆಗಳ ಆರೋಗ್ಯ

ಮನೆಗೆ ಕಂಬ, ತೊಲೆಗಳು ಹೇಗೋ ಶರೀರಕ್ಕೆ ಮೂಳೆಗಳು ಹಾಗೆ ಎಂಬ ಹೋಲಿಕೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಹೋಲಿಕೆ ಸರಿಯಾದುದೇ ಆದರೂ ಅದು ಒಂದು ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಕಂಬದ ಒಳಗೆ ಜೀವವಿಲ್ಲ, ಮೂಳೆಯ ಒಳಗೆ ಜೀವವಿದೆ. ಹೊರಗಿನಿಂದ ಕಲ್ಲಿನಂತೆ ಗಟ್ಟಿಯಾಗಿ ಕಾಣುವ ಮೂಳೆಯು ಒಳಗೆ ಮೃದುವಾದ ಮಜ್ಜೆಯಿಂದ ತುಂಬಿದ್ದು, ಆ ಮಜ್ಜೆಯಲ್ಲಿ ಹಗಲಿರುಳೂ ಕೆಲಸ ನಡೆಯುತ್ತಿರುತ್ತದೆ. ಮೂಳೆಯ ಬಲವು ನಾವು ಸೇವಿಸುವ ಸುಣ್ಣದ ಅಂಶವನ್ನು ಮಾತ್ರವಲ್ಲದೆ ಈ ಮಜ್ಜೆಯ ಸ್ಥಿತಿಯನ್ನೂ ಅವಲಂಬಿಸಿರುತ್ತದೆ.

ದೇಶದ ನಡುಭಾಗದಲ್ಲಿರುವ ನಾಗಪುರದಂತಹ ನಗರದಲ್ಲಿ ಮೂಳೆ ಚಿಕಿತ್ಸಾ ವಿಭಾಗಗಳ ಮುಂದೆ ಎರಡು ಬಗೆಯ ರೋಗಿಗಳನ್ನು ಕಾಣಬಹುದು. ಮೊದಲನೆಯವರು ಮನೆಯಲ್ಲಿ ಕಾಲುಜಾರಿ ಬಿದ್ದು ಸೊಂಟದ ಕೀಲಿನ ಬಳಿ ಮೂಳೆ ಮುರಿದುಕೊಂಡ ವೃದ್ಧರು. ಎರಡನೆಯವರು ಬೀಳದೆಯೇ, ಪೆಟ್ಟು ತಗಲದೆಯೇ ಸೊಂಟದ ಕೀಲಿನ ನೋವಿನಿಂದ ಕುಂಟುತ್ತ ಬರುವ ಹದಿಹರೆಯದ ಹುಡುಗ ಹುಡುಗಿಯರು. ವಿದರ್ಭ ಪ್ರದೇಶದಲ್ಲಿ ಈ ಎರಡನೆಯ ಬಗೆಯ ನೋವಿಗೆ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದೋಷವು ಒಂದು ಮುಖ್ಯ ಕಾರಣವಾಗಿದೆ. ಮೇಲ್ನೋಟಕ್ಕೆ ಈ ಇಬ್ಬರ ತೊಂದರೆಗಳಿಗೆ ಸಂಬಂಧವಿಲ್ಲ. ಆದರೆ ಮೂಳೆಯ ಒಳಗೆ ಇಣುಕಿ ನೋಡಿದರೆ ಇಬ್ಬರಲ್ಲಿಯೂ ಒಂದೇ ಸಮತೋಲನವು ತಪ್ಪಿರುವುದು ಗೋಚರವಾಗುತ್ತದೆ. ವೃದ್ಧರಲ್ಲಿ ಮಜ್ಜೆಯ ಕೊಬ್ಬು ಮಿತಿಮೀರಿ ಬೆಳೆದಿರುತ್ತದೆ. ಸಿಕಲ್ ಸೆಲ್ ರೋಗಿಗಳಲ್ಲಿ ಆ ಕೊಬ್ಬು ಇರಬೇಕಾದ ಸ್ಥಳವನ್ನು ರಕ್ತ ತಯಾರಿಸುವ ಮಜ್ಜೆಯು ಆಕ್ರಮಿಸಿಕೊಂಡಿರುತ್ತದೆ. ಈ ಸಮತೋಲನದ ಸ್ವರೂಪವೇನು, ಅದನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮಜ್ಜೆ ಎಂದರೇನು?

ಮಾಂಸಾಹಾರಿಗಳಿಗೆ ನಲ್ಲಿ ಮೂಳೆಯೊಳಗಿನ ಜಿಡ್ಡಾದ ತಿರುಳು ಪರಿಚಿತವಾದುದು. ಅದೇ ಮಜ್ಜೆ. ನಮ್ಮ ಆಯುರ್ವೇದವು ಶರೀರವನ್ನು ಧರಿಸುವ ಏಳು ಧಾತುಗಳಲ್ಲಿ ಮೇದಸ್ಸು, ಅಸ್ಥಿ ಮತ್ತು ಮಜ್ಜೆಗಳನ್ನು ಒಂದರ ನಂತರ ಒಂದಾಗಿ ಎಣಿಸಿದೆ. ದೊಡ್ಡ ಮೂಳೆಗಳ ಒಳಗೆ ಮಜ್ಜೆಯೂ ಉಳಿದ ಮೂಳೆಗಳ ಒಳಗೆ ರಕ್ತದಿಂದ ಕೂಡಿದ ಮೇದಸ್ಸೂ ಇರುತ್ತದೆಂದು ಸುಶ್ರುತ ಸಂಹಿತೆಯು ಹೇಳುತ್ತದೆ. ಎಲ್ಲ ಮೂಳೆಗಳ ತಿರುಳು ಒಂದೇ ಬಗೆಯದಲ್ಲವೆಂಬುದನ್ನು ಪ್ರಾಚೀನರು ಗಮನಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಆಧುನಿಕ ವೈದ್ಯವಿಜ್ಞಾನದಲ್ಲಿ ಮಜ್ಜೆಯ ನಿಜವಾದ ಕೆಲಸವು ತಿಳಿದುಬಂದದ್ದು 1868ರಲ್ಲಿ. ಜರ್ಮನಿಯ ಅರ್ನ್ಸ್ಟ್ ನಾಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಟ್ಸೊಜೆರೊ ಎಂಬ ವಿಜ್ಞಾನಿಗಳು ರಕ್ತಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆಂದು ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಸುಮಾರು 100 ವರ್ಷಗಳ ಕಾಲ ವಿಜ್ಞಾನಿಗಳ ಗಮನವೆಲ್ಲ ರಕ್ತ ತಯಾರಿಸುವ ಭಾಗದ ಕಡೆಗೇ ಹರಿಯಿತು. ಮಜ್ಜೆಯಲ್ಲಿರುವ ಕೊಬ್ಬನ್ನು ಖಾಲಿ ಜಾಗವನ್ನು ತುಂಬಿಸುವ ನಿಷ್ಪ್ರಯೋಜಕ ವಸ್ತುವೆಂದು ಭಾವಿಸಲಾಗಿತ್ತು. ಈ ಭಾವನೆ ತಪ್ಪೆಂಬುದು ಈಚಿನ ದಶಕಗಳಲ್ಲಿ ಸ್ಪಷ್ಟವಾಗಿದೆ.

ಕೆಂಪು ಮಜ್ಜೆ ಮತ್ತು ಹಳದಿ ಮಜ್ಜೆ

ಮಜ್ಜೆಯಲ್ಲಿ ಎರಡು ವಿಧಗಳುಂಟು. ರಕ್ತಕಣಗಳನ್ನು ತಯಾರಿಸುವ ಮಜ್ಜೆಯು ಕೆಂಪಾಗಿರುತ್ತದೆ. ಇದರಲ್ಲಿ ಸುಮಾರು ಶೇಕಡ 40ರಷ್ಟು ಕೊಬ್ಬು, ಅಷ್ಟೇ ಪ್ರಮಾಣದ ನೀರು ಮತ್ತು ಉಳಿದ ಅಂಶವಾಗಿ ಪ್ರೋಟೀನು ಇರುತ್ತವೆ. ರಕ್ತ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿ ವಿಶ್ರಾಂತಿಯಲ್ಲಿರುವ ಮಜ್ಜೆಯು ಹಳದಿ ಬಣ್ಣದ್ದು. ಇದರಲ್ಲಿ ಕೊಬ್ಬಿನ ಅಂಶವು ಸುಮಾರು ಶೇಕಡ 80ರಷ್ಟಿರುತ್ತದೆ.

ಹುಟ್ಟಿದ ಮಗುವಿನ ಮೂಳೆಗಳಲ್ಲಿ ಹೆಚ್ಚು ಕಡಿಮೆ ಎಲ್ಲವೂ ಕೆಂಪು ಮಜ್ಜೆಯೇ. ಬೆಳೆಯುವ ಮಗುವಿಗೆ ರಕ್ತದ ಅಗತ್ಯ ಹೆಚ್ಚಾಗಿರುವುದರಿಂದ ಯಾವ ಮೂಳೆಗೂ ಬಿಡುವಿರುವುದಿಲ್ಲ. ಅನಂತರ ಕೈಕಾಲುಗಳ ಬೆರಳುಗಳಿಂದ ಆರಂಭವಾಗಿ ಶರೀರದ ನಡುಭಾಗದ ಕಡೆಗೆ ಕೆಂಪು ಮಜ್ಜೆಯು ಕ್ರಮಕ್ರಮವಾಗಿ ಹಳದಿಯಾಗುತ್ತ ಬರುತ್ತದೆ. ಸುಮಾರು 25 ವರ್ಷ ವಯಸ್ಸಿನ ಹೊತ್ತಿಗೆ ತಲೆಬುರುಡೆ, ಬೆನ್ನುಮೂಳೆ, ಎದೆಮೂಳೆ, ಪಕ್ಕೆಲುಬು, ಸೊಂಟದ ಮೂಳೆ ಹಾಗೂ ತೊಡೆ ಮತ್ತು ತೋಳಿನ ಮೂಳೆಗಳ ಮೇಲ್ತುದಿಯಲ್ಲಿ ಮಾತ್ರ ಕೆಂಪು ಮಜ್ಜೆಯು ಉಳಿದಿರುತ್ತದೆ. ಆರೋಗ್ಯವಂತ ವಯಸ್ಕರಲ್ಲಿ ಮಜ್ಜೆಯ ಒಟ್ಟು ಗಾತ್ರದ ಸುಮಾರು ಶೇಕಡ 70ರಷ್ಟು ಕೊಬ್ಬೇ ಆಗಿರುತ್ತದೆಂದು ಅಂದಾಜು ಮಾಡಲಾಗಿದೆ. ತೆಳು ಮೈಕಟ್ಟಿನವರಲ್ಲಿ ಶರೀರದ ಒಟ್ಟು ಕೊಬ್ಬಿನ ಹತ್ತನೆಯ ಒಂದು ಭಾಗ ಮೂಳೆಗಳ ಒಳಗೇ ಅಡಗಿರುತ್ತದೆ.

ಹೀಗೆ ಮಜ್ಜೆಯಲ್ಲಿ ಕೊಬ್ಬು ಇರುವುದು ರೋಗವಲ್ಲ. ಅದು ಪ್ರಕೃತಿಯ ವ್ಯವಸ್ಥೆ. ಎಲ್ಲಿ, ಎಷ್ಟು ಮತ್ತು ಯಾವ ವಯಸ್ಸಿನಲ್ಲಿ ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಒಂದೇ ಮೂಲ, ಎರಡು ದಾರಿ

ಮೂಳೆಯು ಒಮ್ಮೆ ಬೆಳೆದು ನಿಂತುಬಿಡುವ ವಸ್ತುವಲ್ಲ. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳೂ ಹೊಸ ಮೂಳೆಯನ್ನು ಕಟ್ಟುವ ಜೀವಕೋಶಗಳೂ ಜೀವನಪರ್ಯಂತ ಕೆಲಸ ಮಾಡುತ್ತಿರುತ್ತವೆ. ಕಟ್ಟುವ ಕೆಲಸ ಮುಂದಿದ್ದರೆ ಮೂಳೆ ಬಲಗೊಳ್ಳುತ್ತದೆ. ಕರಗಿಸುವ ಕೆಲಸ ಮುಂದಾದರೆ ಮೂಳೆ ಟೊಳ್ಳಾಗುತ್ತ ಹೋಗುತ್ತದೆ.

ಮೂಳೆ ಕಟ್ಟುವ ಜೀವಕೋಶಗಳು ಬರುವುದು ಮಜ್ಜೆಯಲ್ಲಿರುವ ಒಂದು ಬಗೆಯ ಆಕರ ಕೋಶಗಳಿಂದ. ಸೋವಿಯತ್ ದೇಶದ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ ಮತ್ತು ಅವರ ಸಂಗಡಿಗರು 1960 ಮತ್ತು 1970ರ ದಶಕಗಳಲ್ಲಿ ಇಂತಹ ಕೋಶಗಳ ಇರುವಿಕೆಯನ್ನು ಪ್ರಯೋಗಗಳಿಂದ ತೋರಿಸಿದರು. ಈ ಆಕರ ಕೋಶಗಳ ವಿಶೇಷವೆಂದರೆ, ಇವುಗಳ ಮುಂದೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ. ಒಂದು ಬಗೆಯ ಸಂಕೇತಗಳು ದೊರೆತರೆ ಅವು ಮೂಳೆ ಕಟ್ಟುವ ಜೀವಕೋಶಗಳಾಗುತ್ತವೆ. ಇನ್ನೊಂದು ಬಗೆಯ ಸಂಕೇತಗಳು ದೊರೆತರೆ ಅವೇ ಕೊಬ್ಬಿನ ಕೋಶಗಳಾಗುತ್ತವೆ. ಒಂದೇ ಹೊಲದ ನೀರನ್ನು ಎರಡು ಕಾಲುವೆಗಳಿಗೆ ತಿರುಗಿಸಿದಂತೆ, ಒಂದು ಕಡೆಗೆ ಹೆಚ್ಚು ಹರಿದರೆ ಇನ್ನೊಂದು ಕಡೆಗೆ ಕಡಿಮೆಯಾಗುತ್ತದೆ.

ಈ ಕಾಲುವೆಯ ಬಾಗಿಲನ್ನು ತಿರುಗಿಸುವ ಶಕ್ತಿಗಳು ಹಲವು. ಮೂಳೆಯ ಮೇಲೆ ಬೀಳುವ ಭಾರ, ಅಂದರೆ ನಡೆಯುವುದು, ಹತ್ತುವುದು, ಹೊರುವುದು, ಮೂಳೆ ಕಟ್ಟುವ ಕಡೆಗೆ ಒತ್ತು ಕೊಡುತ್ತದೆ. ಸ್ತ್ರೀಯರಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಕೊಬ್ಬಿನ ಕಡೆಯ ಹರಿವನ್ನು ತಡೆಹಿಡಿಯುತ್ತದೆ. ವೃದ್ಧಾಪ್ಯ, ಚಲನವಲನವಿಲ್ಲದ ಜೀವನ, ಸ್ಟೀರಾಯ್ಡ್ ಔಷಧಿಗಳ ದೀರ್ಘಕಾಲದ ಸೇವನೆ ಮುಂತಾದವು ಕೊಬ್ಬಿನ ಕಡೆಗೆ ಬಾಗಿಲು ತೆರೆಯುತ್ತವೆ.

ಕೊಬ್ಬು ಮಿತಿಮೀರಿದಾಗ

ಫ್ರಾನ್ಸ್ ದೇಶದ ವೈದ್ಯ ಪಿಯರ್ ಮ್ಯುನಿಯೆ ಮತ್ತು ಅವರ ಸಹೋದ್ಯೋಗಿಗಳು 1971ರಲ್ಲಿ ಸೊಂಟದ ಮೂಳೆಯ ಚೂರುಗಳನ್ನು ಪರೀಕ್ಷಿಸಿ, ಮೂಳೆ ಟೊಳ್ಳಾಗುವ ರೋಗವುಳ್ಳವರಲ್ಲಿ ಮಜ್ಜೆಯ ಇತರ ಕೋಶಗಳ ಸ್ಥಾನವನ್ನು ಕೊಬ್ಬು ಆಕ್ರಮಿಸಿರುವುದನ್ನು ವರದಿ ಮಾಡಿದರು. ಅನಂತರ ಎಂ.ಆರ್.ಐ. ಯಂತ್ರಗಳು ಬಂದ ಮೇಲೆ ಮೂಳೆಯನ್ನು ಕೊರೆಯದೆಯೇ ಮಜ್ಜೆಯ ಕೊಬ್ಬನ್ನು ಅಳೆಯುವುದು ಸಾಧ್ಯವಾಯಿತು. ಐಸ್‌ಲ್ಯಾಂಡ್ ದೇಶದ ಹಿರಿಯ ನಾಗರಿಕರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆನ್ನುಮೂಳೆಯ ಮಜ್ಜೆಯಲ್ಲಿ ಹೆಚ್ಚಿದ ಕೊಬ್ಬಿಗೂ ಬೆನ್ನುಮೂಳೆಯ ಮುರಿತಕ್ಕೂ ಸಂಬಂಧವಿರುವುದು ಕಂಡುಬಂದಿತು.

ಮಜ್ಜೆಯ ಕೊಬ್ಬು ಹೆಚ್ಚುವ ಮುಖ್ಯ ಸಂದರ್ಭಗಳು ಇವು:

ವಯಸ್ಸು ಮತ್ತು ಮುಟ್ಟು ನಿಲ್ಲುವಿಕೆ. ಯೌವನದಲ್ಲಿ ಪುರುಷರ ಬೆನ್ನುಮೂಳೆಯಲ್ಲಿ ಸ್ತ್ರೀಯರಿಗಿಂತ ಹೆಚ್ಚು ಕೊಬ್ಬಿರುತ್ತದೆ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಅದು ತೀವ್ರವಾಗಿ ಏರಿ, 60 ವರ್ಷಗಳ ನಂತರ ಪುರುಷರ ಮಟ್ಟವನ್ನೂ ಮೀರುತ್ತದೆ. ಇದೇ ವಯಸ್ಸಿನಲ್ಲಿ ಮೂಳೆಗಳು ಟೊಳ್ಳಾಗುವುದೂ ಹೆಚ್ಚುತ್ತದೆ.

ಹಾಸಿಗೆ ಹಿಡಿಯುವುದು. ಸ್ವಯಂಪ್ರೇರಿತರಾಗಿ 60 ದಿನಗಳ ಕಾಲ ಮಲಗಿಯೇ ಇದ್ದ ಆರೋಗ್ಯವಂತ ಸ್ತ್ರೀಯರ ಮೇಲೆ ನಡೆಸಿದ ಅಧ್ಯಯನದಲ್ಲಿ ಅವರ ಬೆನ್ನುಮೂಳೆಯ ಮಜ್ಜೆಯಲ್ಲಿ ಕೊಬ್ಬು ಶೇಖರವಾಗಿತ್ತು. ಎದ್ದು ಓಡಾಡತೊಡಗಿ ಒಂದು ವರ್ಷ ಕಳೆದರೂ ಅದರ ಪರಿಣಾಮವು ಉಳಿದಿತ್ತು. ಕಾಯಿಲೆ ಬಿದ್ದವರನ್ನು ವೈದ್ಯರ ಅನುಮತಿಯೊಡನೆ ಆದಷ್ಟು ಬೇಗ ಎಬ್ಬಿಸಿ ನಡೆಸಬೇಕೆಂಬ ಸಲಹೆಗೆ ಇದು ಒಂದು ಆಧಾರ.

ಆಹಾರದ ಕೊರತೆ. ಇದು ಆಶ್ಚರ್ಯಕರವಾದ ಸಂಗತಿ. ಅರೆಹೊಟ್ಟೆಯಲ್ಲಿದ್ದು ಮೈಯ ಕೊಬ್ಬೆಲ್ಲ ಕರಗಿದವರಲ್ಲಿ ಮಜ್ಜೆಯ ಕೊಬ್ಬು ಕಡಿಮೆಯಾಗುವುದರ ಬದಲು ಹೆಚ್ಚುತ್ತದೆ, ಮೂಳೆ ತೆಳುವಾಗುತ್ತದೆ. ತೆಳ್ಳಗಾಗಬೇಕೆಂದು ಊಟ ಬಿಡುವ ಯುವತಿಯರೂ ಅವರ ತಂದೆತಾಯಿಗಳೂ ಈ ವಿಷಯವನ್ನು ಗಮನದಲ್ಲಿಡಬೇಕು. ಮೈ ತೆಳುವಾಗಿರುವ ಮಾತ್ರಕ್ಕೆ ಮೂಳೆಯೊಳಗೆ ಕೊಬ್ಬಿಲ್ಲವೆಂದು ಭಾವಿಸಲಾಗದು.

ಔಷಧಿಗಳು. ಆಸ್ತಮಾ, ಸಂಧಿವಾತ, ಚರ್ಮರೋಗ ಮುಂತಾದವುಗಳಿಗೆ ಸ್ಟೀರಾಯ್ಡ್ ಮಾತ್ರೆಗಳು ಅನೇಕ ವೇಳೆ ಅವಶ್ಯಕವೇ ಆಗಿರುತ್ತವೆ. ಆದರೆ ಅವುಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಸೇವಿಸುವುದರಿಂದ ಮಜ್ಜೆಯಲ್ಲಿ ಕೊಬ್ಬು ಹೆಚ್ಚಿ ಮೂಳೆ ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಎಂಬ ಔಷಧಿಯು ಆಕರ ಕೋಶಗಳನ್ನು ಕೊಬ್ಬಿನ ದಾರಿಗೆ ತಿರುಗಿಸುವ ಗುಣವುಳ್ಳದ್ದು. ಇದನ್ನು ಸೇವಿಸುವ ಸ್ತ್ರೀಯರಲ್ಲಿ ಮೂಳೆ ಮುರಿತದ ಸಂಭವ ಹೆಚ್ಚೆಂದು ಕಂಡುಬಂದಿದೆ. ಯಾವ ಔಷಧಿಯನ್ನೂ ತಾವಾಗಿಯೇ ನಿಲ್ಲಿಸಬಾರದು. ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದಂತೂ ಅಪಾಯಕರ. ಮೂಳೆಯ ವಿಷಯವನ್ನು ವೈದ್ಯರೊಡನೆ ಚರ್ಚಿಸಿ ಮುಂದುವರಿಯುವುದು ಕ್ಷೇಮಕರ.

ಕೊಬ್ಬಿನಿಂದ ಉಪಯೋಗವೂ ಉಂಟು

ಇಷ್ಟನ್ನು ಓದಿದ ಮೇಲೆ ಮಜ್ಜೆಯ ಕೊಬ್ಬು ಶತ್ರುವೆಂಬ ಭಾವನೆ ಮೂಡಬಹುದು. ಅದು ಸರಿಯಲ್ಲ. ಮಜ್ಜೆಯ ಕೊಬ್ಬಿನ ಕೋಶಗಳು ಅಡಿಪೊನೆಕ್ಟಿನ್‌ನಂತಹ ಹಾರ್ಮೋನುಗಳನ್ನು ಸ್ರವಿಸುತ್ತವೆ. ಅಗತ್ಯ ಬಿದ್ದಾಗ ಶಕ್ತಿಯನ್ನು ಒದಗಿಸುವ ಉಗ್ರಾಣವೂ ಅವೇ ಆಗಿವೆ. ಇದಕ್ಕೆ ಒಂದು ಸುಂದರ ನಿದರ್ಶನವು ಬಾಹ್ಯಾಕಾಶದಿಂದ ದೊರೆತಿದೆ. ಸುಮಾರು 6 ತಿಂಗಳುಗಳ ಕಾಲ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಭೂಮಿಗೆ ಮರಳಿದ 14 ಗಗನಯಾತ್ರಿಗಳ ಬೆನ್ನುಮೂಳೆಗಳನ್ನು ಪರೀಕ್ಷಿಸಿದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಭೂಮಿಗಿಳಿದ ಸುಮಾರು 41 ದಿನಗಳ ನಂತರ ಅವರ ಮಜ್ಜೆಯ ಕೊಬ್ಬು ಶೇಕಡ 4.2ರಷ್ಟು ಇಳಿದಿತ್ತು. ಬಾಹ್ಯಾಕಾಶದಲ್ಲಿ ನಷ್ಟವಾದ ರಕ್ತಕಣಗಳನ್ನೂ ಮೂಳೆಯನ್ನೂ ಮತ್ತೆ ಕಟ್ಟಿಕೊಳ್ಳಲು ಶರೀರವು ಆ ಉಗ್ರಾಣವನ್ನು ಬಳಸಿಕೊಂಡಿತೆಂದು ಸಂಶೋಧಕರು ಅರ್ಥೈಸಿದ್ದಾರೆ.

ಹಾಗಾದರೆ ಈ ಉಗ್ರಾಣಕ್ಕೆ ಜಾಗವೇ ಇಲ್ಲದಂತಾದರೆ, ಅಂದರೆ ಮಜ್ಜೆಗೆ ಜೀವನದಲ್ಲಿ ಒಂದು ದಿನವೂ ಬಿಡುವು ಸಿಗದಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ನಾಗಪುರದ ಸುತ್ತಮುತ್ತಲಿನ ಸಾವಿರಾರು ಕುಟುಂಬಗಳು ತಮ್ಮ ಅನುಭವದಿಂದ ಬಲ್ಲವು.

ನಾಗಪುರ ಪ್ರದೇಶ ಮತ್ತು ಸಿಕಲ್ ಸೆಲ್

ಸಿಕಲ್ ಸೆಲ್ ರೋಗವನ್ನು ಕುಡುಗೋಲು ಕಣ ರಕ್ತಹೀನತೆ ಎಂದೂ ಕರೆಯುತ್ತಾರೆ. ಆರೋಗ್ಯವಂತರ ಕೆಂಪು ರಕ್ತಕಣವು ದುಂಡಗೆ, ಮೃದುವಾಗಿದ್ದು ಅತಿ ಸಣ್ಣ ರಕ್ತನಾಳದಲ್ಲಿಯೂ ಸಲೀಸಾಗಿ ನುಸುಳುತ್ತದೆ. ಈ ರೋಗದಲ್ಲಿ ಹಿಮೋಗ್ಲೋಬಿನ್ನಿನ ರಚನೆಯಲ್ಲಿರುವ ಒಂದು ಸಣ್ಣ ವ್ಯತ್ಯಾಸದಿಂದಾಗಿ, ಆಮ್ಲಜನಕ ಕಡಿಮೆಯಾದಾಗ ರಕ್ತಕಣವು ಬಿರುಸಾಗಿ ಕುಡುಗೋಲಿನಂತೆ ಬಾಗುತ್ತದೆ. ಹೀಗೆ ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಂಡು ರಕ್ತ ಸಂಚಾರವನ್ನು ತಡೆಯುತ್ತವೆ ಮತ್ತು ಬೇಗನೆ ಒಡೆದುಹೋಗುತ್ತವೆ.

ನಮ್ಮ ದೇಶದಲ್ಲಿ ಈ ದೋಷವು 1952ರಲ್ಲಿ ನೀಲಗಿರಿ ಬೆಟ್ಟಗಳ ಆದಿವಾಸಿಗಳಲ್ಲಿ ಪತ್ತೆಯಾಯಿತು. ನಾಗಪುರ ಪ್ರದೇಶದಲ್ಲಿ ಈ ದೋಷವಿರುವ ಬಗ್ಗೆ ಶುಕ್ಲಾ ಮತ್ತು ಸೋಲಂಕಿ ಎಂಬ ವೈದ್ಯರು 1958ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಅಂದಿನಿಂದ ನಾಗಪುರವು ಈ ರೋಗದ ಅಧ್ಯಯನ ಮತ್ತು ಚಿಕಿತ್ಸೆಯ ಒಂದು ಮುಖ್ಯ ಕೇಂದ್ರವಾಗಿ ಬೆಳೆದಿದೆ. ನಾಗಪುರ, ಚಂದ್ರಪುರ, ಗಡಚಿರೋಲಿ ಮುಂತಾದ ಜಿಲ್ಲೆಗಳ ಆದಿವಾಸಿಗಳಲ್ಲಿಯೂ ಇತರ ಹಲವು ಸಮುದಾಯಗಳಲ್ಲಿಯೂ ಈ ವಂಶವಾಹಿಯು ಹರಡಿದೆ. ರೋಗಿಗಳ ಕುಟುಂಬಗಳನ್ನು ಒಗ್ಗೂಡಿಸಿ ಅವರ ಹಕ್ಕುಗಳಿಗಾಗಿ ಶ್ರಮಿಸಿದ ನಾಗಪುರದ ಸಂಪತ್ ರಾಮಟೇಕೆ ಅವರಿಗೆ 2018ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಪ್ರಶಸ್ತಿಯನ್ನು ನೀಡಲಾಯಿತು.

ಕನ್ನಡ ನಾಡಿಗೂ ಈ ರೋಗವು ದೂರದ್ದಲ್ಲ. ಮೈಸೂರು, ಚಾಮರಾಜನಗರ ಮತ್ತು ಕೊಡಗು ಜಿಲ್ಲೆಗಳ ಕಾಡಂಚಿನ ಆದಿವಾಸಿ ಸಮುದಾಯಗಳಲ್ಲಿ ಇದು ಕಂಡುಬಂದಿದೆ. ಆದುದರಿಂದ ನಾಗಪುರದ ಅನುಭವವು ನಮಗೂ ಪಾಠವಾಗಬಲ್ಲದು.

ಬಿಡುವಿಲ್ಲದ ಮಜ್ಜೆ, ಬಳಲಿದ ಮೂಳೆ

ಸಾಮಾನ್ಯವಾಗಿ ಕೆಂಪು ರಕ್ತಕಣವು ಸುಮಾರು 120 ದಿನಗಳ ಕಾಲ ಬಾಳುತ್ತದೆ. ಸಿಕಲ್ ಸೆಲ್ ರೋಗದಲ್ಲಿ ಅದರ ಆಯುಸ್ಸು 10ರಿಂದ 20 ದಿನಗಳಿಗೆ ಇಳಿಯುತ್ತದೆ. ಈ ನಷ್ಟವನ್ನು ತುಂಬಿಕೊಡಲು ಮಜ್ಜೆಯು ಹಲವು ಪಟ್ಟು ಹೆಚ್ಚು ದುಡಿಯಬೇಕಾಗುತ್ತದೆ. ಹಳದಿಯಾಗಬೇಕಾದ ಮಜ್ಜೆಯು ಕೆಂಪಾಗಿಯೇ ಉಳಿಯುತ್ತದೆ. ಹಳದಿಯಾಗಿದ್ದ ಭಾಗವೂ ಮತ್ತೆ ಕೆಂಪಾಗುತ್ತದೆ. ಹೆಚ್ಚು ಜಾಗಕ್ಕಾಗಿ ಮಜ್ಜೆಯು ಒಳಗಿನಿಂದ ಹಿಗ್ಗುವುದರಿಂದ ಮೂಳೆಯ ಹೊರಗೋಡೆಯು ತೆಳುವಾಗುತ್ತದೆ. ಹೀಗೆ ಕೊಬ್ಬು ಮಿತಿಮೀರಿದ ವೃದ್ಧರ ಮೂಳೆಯಂತೆ, ಕೊಬ್ಬಿಗೆ ಜಾಗವಿಲ್ಲದ ಈ ಎಳೆಯರ ಮೂಳೆಯೂ ದುರ್ಬಲವಾಗುತ್ತದೆ. ಎರಡು ವಿರುದ್ಧ ದಾರಿಗಳು ಒಂದೇ ಸ್ಥಾನಕ್ಕೆ ತಂದು ನಿಲ್ಲಿಸುತ್ತವೆ.

ಇದರ ಜೊತೆಗೆ ರಕ್ತನಾಳಗಳು ಮುಚ್ಚಿಹೋಗುವುದರಿಂದ ಆಗುವ ಹಾನಿಯು ಬೇರೆ. ಒಂದೆರಡು ವರ್ಷದೊಳಗಿನ ಮಕ್ಕಳಲ್ಲಿ ಕೈಕಾಲುಗಳ ಬೆರಳುಗಳು ಊದಿಕೊಂಡು ನೋಯುವುದು ರೋಗದ ಮೊದಲ ಸೂಚನೆಯಾಗಿರಬಹುದು. ಈ ವಯಸ್ಸಿನಲ್ಲಿ ಬೆರಳುಗಳ ಮೂಳೆಗಳಲ್ಲಿ ಇನ್ನೂ ಕೆಂಪು ಮಜ್ಜೆಯಿರುವುದೇ ಇದಕ್ಕೆ ಕಾರಣ. ದೊಡ್ಡವರಾದಂತೆ ತೋಳು, ಕಾಲು, ಬೆನ್ನುಗಳಲ್ಲಿ ತಡೆಯಲಾರದ ನೋವು ಆಗಾಗ ಕಾಣಿಸಿಕೊಳ್ಳುತ್ತದೆ. ಬೆನ್ನುಮೂಳೆಯ ಬಿಲ್ಲೆಗಳ ನಡುಭಾಗವು ಕುಸಿದು ತಗ್ಗಾಗುವುದನ್ನು ಎಕ್ಸ್-ರೇ ಚಿತ್ರಗಳಲ್ಲಿ ಕಾಣಬಹುದು.

ಇವುಗಳಲ್ಲೆಲ್ಲ ಜೀವನವನ್ನು ಹೆಚ್ಚು ಕಾಡುವುದು ಸೊಂಟದ ಕೀಲಿನ ಹಾನಿ. ತೊಡೆಮೂಳೆಯ ಗುಂಡಾದ ತಲೆಗೆ ರಕ್ತವನ್ನು ಒದಗಿಸುವ ನಾಳಗಳು ಕೆಲವೇ, ಅವೂ ಸಣ್ಣವು. ಬಾಗಿದ ಕಣಗಳು ಅವುಗಳನ್ನು ಮುಚ್ಚಿದರೆ ಆ ಭಾಗದ ಮಜ್ಜೆಯೂ ಮೂಳೆಯೂ ಸಾಯುತ್ತವೆ. ಸತ್ತ ಮೂಳೆಯು ದೇಹದ ಭಾರವನ್ನು ಹೊರಲಾರದೆ ಕ್ರಮೇಣ ಕುಸಿಯುತ್ತದೆ. ಸಿಕಲ್ ಸೆಲ್ ಇಲ್ಲದವರಲ್ಲಿಯೂ ಇದೇ ಹಾನಿಯು ಸ್ಟೀರಾಯ್ಡ್ ಔಷಧಿಗಳ ಮಿತಿಮೀರಿದ ಸೇವನೆಯಿಂದ ಅಥವಾ ಅತಿಯಾದ ಮದ್ಯಪಾನದಿಂದ ಆಗುವುದುಂಟು. ಅಲ್ಲಿ ಮಜ್ಜೆಯ ಕೊಬ್ಬಿನ ಕೋಶಗಳು ದಪ್ಪವಾಗಿ, ಹಿಗ್ಗಲಾರದ ಮೂಳೆಯ ಗೋಡೆಗಳ ನಡುವೆ ಒತ್ತಡ ಹೆಚ್ಚಿಸಿ ರಕ್ತ ಸಂಚಾರಕ್ಕೆ ಅಡ್ಡಿಯಾಗುತ್ತವೆಂಬುದು ಒಂದು ಮುಖ್ಯ ವಿವರಣೆ. ಯುವಕರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಅಪರೂಪವಾಗಿ ಮಜ್ಜೆಯ ಬಹುಭಾಗ ಒಮ್ಮೆಲೇ ಸತ್ತು, ಅದರ ಕೊಬ್ಬಿನ ಹನಿಗಳು ರಕ್ತದಲ್ಲಿ ಸೇರಿ ಶ್ವಾಸಕೋಶ ಮತ್ತು ಮೆದುಳಿನ ರಕ್ತನಾಳಗಳನ್ನು ಮುಚ್ಚುವುದುಂಟು. ತೊಡೆಮೂಳೆ ಮುರಿದ ಅಪಘಾತಗಳಲ್ಲಿಯೂ ಇಂತಹ ಸ್ಥಿತಿ ಉಂಟಾಗಬಹುದು. ಸಿಕಲ್ ಸೆಲ್ ರೋಗಿಗೆ ತೀವ್ರ ಮೂಳೆನೋವಿನ ಜೊತೆಗೆ ಏದುಸಿರು, ಜ್ವರ ಅಥವಾ ಮಂಕು ಕವಿದಂತಾಗುವುದು ಕಂಡುಬಂದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗವು ಸೌಮ್ಯವಾಗಿದೆಯೆಂದು ಇದುವರೆಗೆ ತಿಳಿದಿದ್ದವರಲ್ಲಿಯೂ ಈ ಅಪಾಯ ತಲೆದೋರಬಹುದು.

ಪತ್ತೆ ಮತ್ತು ಚಿಕಿತ್ಸೆ

ಸಿಕಲ್ ಸೆಲ್ ದೋಷವನ್ನು ಒಂದೆರಡು ಹನಿ ರಕ್ತದ ಪರೀಕ್ಷೆಯಿಂದ ಪತ್ತೆ ಮಾಡಬಹುದು. ಮೊದಲ ಪರೀಕ್ಷೆಯಲ್ಲಿ ದೋಷ ಕಂಡವರಿಗೆ ಹಿಮೋಗ್ಲೋಬಿನ್ನಿನ ವಿವರವಾದ ಪರೀಕ್ಷೆಯನ್ನು ನಡೆಸಿ, ಅವರು ರೋಗಿಗಳೋ ಅಥವಾ ಕೇವಲ ವಾಹಕರೋ ಎಂಬುದನ್ನು ನಿರ್ಧರಿಸಲಾಗುತ್ತದೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷವನ್ನು ಪಡೆದವರು ವಾಹಕರು. ಇವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಪತಿ ಪತ್ನಿಯರಿಬ್ಬರೂ ವಾಹಕರಾದರೆ ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ಶೇಕಡ 25, ಮಗುವು ವಾಹಕವಾಗುವ ಸಂಭವ ಶೇಕಡ 50 ಮತ್ತು ದೋಷವೇ ಇಲ್ಲದಿರುವ ಸಂಭವ ಶೇಕಡ 25. ವಿವಾಹಕ್ಕೆ ಮುಂಚೆ ಅಥವಾ ಮಗುವನ್ನು ಪಡೆಯುವ ಮುಂಚೆ ಪರೀಕ್ಷೆ ಮಾಡಿಸಿಕೊಳ್ಳುವುದರ ಮಹತ್ವ ಇದರಿಂದ ತಿಳಿಯುತ್ತದೆ. ಇದು ಯಾರ ತಪ್ಪೂ ಅಲ್ಲ. ತಾಯಿಯನ್ನಾಗಲಿ, ಸಮುದಾಯವನ್ನಾಗಲಿ ದೂಷಿಸುವುದು ಅನ್ಯಾಯ.

ರಾಷ್ಟ್ರೀಯ ಸಿಕಲ್ ಸೆಲ್ ರಕ್ತಹೀನತೆ ನಿರ್ಮೂಲನಾ ಅಭಿಯಾನವು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭವಾಯಿತು. 2047ರ ವೇಳೆಗೆ ಈ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿಯದಂತೆ ಮಾಡುವುದು ಇದರ ಗುರಿ. 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವ ಉದ್ದೇಶವನ್ನು ಇಟ್ಟುಕೊಂಡು ಅಭಿಯಾನವನ್ನು ಆರಂಭಿಸಲಾಯಿತು. ಆ ರಾಜ್ಯಗಳಲ್ಲಿ ಮಹಾರಾಷ್ಟ್ರವೂ ಕರ್ನಾಟಕವೂ ಸೇರಿವೆ. ಇದಕ್ಕೆ ಮುಂಚೆ 2022ರ ಡಿಸೆಂಬರ್ 11ರಂದು ನಾಗಪುರದ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಕಟ್ಟಡ ಸಮುಚ್ಚಯವನ್ನೂ ಚಂದ್ರಪುರದ ಹಿಮೋಗ್ಲೋಬಿನ್ ದೋಷಗಳ ಸಂಶೋಧನಾ ಕೇಂದ್ರವನ್ನೂ ರಾಷ್ಟ್ರಕ್ಕೆ ಸಮರ್ಪಿಸಲಾಗಿತ್ತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ಸಿಕಲ್ ಸೆಲ್ ರೋಗವನ್ನು ಸೇರಿಸಿರುವುದನ್ನೂ ರೋಗಿಗಳು ತಿಳಿದಿರಬೇಕು.

ಚಿಕಿತ್ಸೆಯ ವಿಷಯದಲ್ಲಿ ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯು ಬಹಳ ಪ್ರಯೋಜನಕಾರಿಯಾಗಿದೆ. ಇದು ಗರ್ಭಾವಸ್ಥೆಯಲ್ಲಿ ಇರುವಂತಹ ಹಿಮೋಗ್ಲೋಬಿನ್ನನ್ನು ಹೆಚ್ಚಿಸಿ ಕಣಗಳು ಬಾಗುವುದನ್ನು ಕಡಿಮೆ ಮಾಡುತ್ತದೆ. ಇದನ್ನು ಕಾಲಕಾಲಕ್ಕೆ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕು. ಹೆಚ್ಚು ನೀರು ಕುಡಿಯುವುದು ಅತ್ಯಗತ್ಯ. ಬೇಸಿಗೆಯಲ್ಲಿ ಉಷ್ಣಾಂಶವು 45 ಡಿಗ್ರಿಯವರೆಗೆ ಏರುವ ನಾಗಪುರದಂತಹ ಊರಿನಲ್ಲಿ ಮೈಯ ನೀರು ಆರಿದರೆ ನೋವು ಮರುಕಳಿಸುತ್ತದೆ. ಕಬ್ಬಿಣದ ಮಾತ್ರೆಗಳನ್ನು ಪರೀಕ್ಷೆಯಿಲ್ಲದೆ ಸೇವಿಸಬಾರದು. ಸೊಂಟದ ನೋವನ್ನು ಕೇವಲ ವಾತವೆಂದು ಕಡೆಗಣಿಸದೆ ಆರಂಭದಲ್ಲಿಯೇ ತೋರಿಸಿದರೆ, ಎಕ್ಸ್-ರೇ ಚಿತ್ರದಲ್ಲಿ ಕಾಣದ ಹಾನಿಯನ್ನೂ ಎಂ.ಆರ್.ಐ. ಪರೀಕ್ಷೆಯಿಂದ ಗುರುತಿಸಿ ಕೀಲಿನ ಮೇಲಿನ ಭಾರವನ್ನು ತಗ್ಗಿಸುವ ಕ್ರಮಗಳನ್ನು ಕೈಗೊಳ್ಳಬಹುದು.

ಎಲ್ಲರೂ ಅನುಸರಿಸಬೇಕಾದ ಕ್ರಮಗಳು

ರೋಗವಿಲ್ಲದವರೂ ತಮ್ಮ ಮಜ್ಜೆಯ ಸಮತೋಲನವನ್ನು ಕಾಪಾಡಿಕೊಳ್ಳಲು ಸಾಧ್ಯವಿದೆ. ಇದಕ್ಕೆ ದುಬಾರಿ ವಸ್ತುಗಳು ಬೇಕಿಲ್ಲ.

1. ಪ್ರತಿದಿನ ಕನಿಷ್ಠ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಮೂಳೆಯ ಮೇಲೆ ಭಾರ ಬೀಳುವ ಚಟುವಟಿಕೆಗಳೇ ಮೂಳೆಗೆ ಹೆಚ್ಚು ಉಪಯುಕ್ತ. ಮೆಟ್ಟಿಲು ಹತ್ತುವುದು, ತೋಟದ ಕೆಲಸ, ಮಕ್ಕಳಿಗೆ ಓಟ ಮತ್ತು ಹಗ್ಗದಾಟ ಇವೆಲ್ಲ ಒಳ್ಳೆಯವು. ಸೊಂಟದ ಕೀಲಿಗೆ ಹಾನಿಯಾಗಿರುವವರು ಮಾತ್ರ ವೈದ್ಯರು ಸೂಚಿಸಿದ ವ್ಯಾಯಾಮವನ್ನೇ ಮಾಡಬೇಕು.

2. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಮತ್ತು ಮುಟ್ಟು ನಿಂತ ಸ್ತ್ರೀಯರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಶಿಫಾರಸು ಮಾಡಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಮತ್ತು ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಎಳ್ಳು, ಸೊಪ್ಪು, ಮೊಸರು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳು ಸಹ ಒಳ್ಳೆಯ ಮೂಲಗಳು. ನಮ್ಮ ಹಳೆಯ ಮೈಸೂರು ಪ್ರಾಂತದ ರಾಗಿಮುದ್ದೆಯೂ ಉತ್ತರ ಕರ್ನಾಟಕದ ಎಳ್ಳಿನ ಹಿಂಡಿಯೂ ಮೂಳೆಗಳ ಮಿತ್ರರೆಂಬುದನ್ನು ಮರೆಯಬಾರದು.

3. ಬೇಳೆಕಾಳು, ಮೊಟ್ಟೆ ಮುಂತಾದವುಗಳಿಂದ ಸಾಕಷ್ಟು ಪ್ರೋಟೀನನ್ನು ಪಡೆಯಬೇಕು. ಉಪವಾಸದಿಂದ ಮೈ ತೂಕವನ್ನು ಥಟ್ಟನೆ ಇಳಿಸುವ ಪ್ರಯತ್ನಗಳು ಮೂಳೆಗೆ ಹಾನಿಕರ.

4. ಮುಖ, ಕೈಕಾಲುಗಳ ಮೇಲೆ ದಿನವೂ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ದೇಹದಲ್ಲಿ ಡಿ ಜೀವಸತ್ವವು ತಯಾರಾಗುವುದಕ್ಕೆ ಇದು ಅವಶ್ಯಕ.

5. ಮದ್ಯಪಾನ ಮತ್ತು ಧೂಮಪಾನಗಳನ್ನು ತ್ಯಜಿಸಬೇಕು.

6. ಹೆಸರು ತಿಳಿಯದ ಪುಡಿ, ಗುಳಿಗೆಗಳನ್ನು ಕೀಲುನೋವಿಗೆಂದು ಸೇವಿಸಬಾರದು. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು.

7. ಮನೆಯಲ್ಲಿ ವೃದ್ಧರಿದ್ದರೆ ಬಚ್ಚಲಿನ ನೆಲ ಜಾರದಂತೆ, ರಾತ್ರಿ ನಡೆದಾಡುವ ದಾರಿಯಲ್ಲಿ ಬೆಳಕಿರುವಂತೆ ನೋಡಿಕೊಳ್ಳಬೇಕು.

ಮೂಳೆಯ ಗಟ್ಟಿತನವನ್ನು ಅಳೆಯುವ ಸಾಮಾನ್ಯ ಸಾಂದ್ರತಾ ಪರೀಕ್ಷೆಯು ಮಜ್ಜೆಯ ಕೊಬ್ಬನ್ನು ಬೇರೆಯಾಗಿ ತೋರಿಸುವುದಿಲ್ಲ. ಮಜ್ಜೆಯ ಕೊಬ್ಬನ್ನು ಅಳೆಯುವ ಎಂ.ಆರ್.ಐ. ವಿಧಾನಗಳು ಬಹುಮಟ್ಟಿಗೆ ಸಂಶೋಧನೆಗೆ ಬಳಕೆಯಾಗುತ್ತವೆ. ಆದುದರಿಂದ ಸಾಮಾನ್ಯ ಜನರು ಅದಕ್ಕಾಗಿ ಹಣ ವ್ಯಯಿಸುವ ಅಗತ್ಯವಿಲ್ಲ. ಮೇಲೆ ಹೇಳಿದ ಕ್ರಮಗಳನ್ನು ಅನುಸರಿಸುವುದೇ ಹೆಚ್ಚು ಪ್ರಯೋಜನಕಾರಿ.

ಉಪಸಂಹಾರ

ಮಜ್ಜೆಯ ಕೊಬ್ಬು ಅನವಶ್ಯಕ ವಸ್ತುವೂ ಅಲ್ಲ, ಶತ್ರುವೂ ಅಲ್ಲ. ಅದು ತನ್ನ ಸ್ಥಾನದಲ್ಲಿ ತನ್ನ ಮಿತಿಯಲ್ಲಿದ್ದರೆ ಮೂಳೆಯೂ ರಕ್ತವೂ ಕ್ಷೇಮವಾಗಿರುತ್ತವೆ. ನಡೆದಾಡದೆ ಕುಳಿತವರ ಮಜ್ಜೆಯಲ್ಲಿ ಅದು ಮಿತಿಮೀರುತ್ತದೆ. ರಕ್ತದೋಷದಿಂದ ಬಳಲುವ ಮಗುವಿನ ಮಜ್ಜೆಯಲ್ಲಿ ಅದಕ್ಕೆ ಸ್ಥಳವೇ ಸಿಗುವುದಿಲ್ಲ. ಮೊದಲನೆಯದನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಎರಡನೆಯದನ್ನು ಹುಟ್ಟಿದ ಕೂಡಲೇ ಗುರುತಿಸಿ, ಮಗುವು ಕುಂಟುವ ಸ್ಥಿತಿಗೆ ಬರುವ ಮುಂಚೆಯೇ ಚಿಕಿತ್ಸೆ ಆರಂಭಿಸುವುದು ಕುಟುಂಬ, ಸಮಾಜ ಮತ್ತು ಸರ್ಕಾರ ಈ ಮೂವರ ಕೂಡು ಹೊಣೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಒಂದು ಸಣ್ಣ ರಕ್ತಪರೀಕ್ಷೆಯಿಂದ ಈ ಹೊಣೆಯನ್ನು ಹೊರಲು ಪ್ರಾರಂಭಿಸಬಹುದು.